ನಮ್ಮ ಮನೆಯವರು ಮಾಲೆ ಹಾಕಿದ ವರ್ಷ

ನಮ್ಮ ಮನೆಯವರು ದೇವರ ವಿಷಯದಲ್ಲಿ ಮಹಾ ಸೋಮಾರಿ. ಹಬ್ಬದ ದಿನ ನಾನು ಗಂಟಲು ಹರಿದುಕೊಂಡು ಎಬ್ಬಿಸಿದರೆ ಎದ್ದು, ಮಂಗಳಾರತಿಗೆ ಕೈ ತೋರಿಸಿ, ಕೋಸಂಬರಿ ಎಲ್ಲಿ ಎಂದು ಕೇಳುವ ಪೈಕಿ. ಅಂಥವರು ಆ ವರ್ಷ ಇದ್ದಕ್ಕಿದ್ದಂತೆ ಅಯ್ಯಪ್ಪನ ಮಾಲೆ ಹಾಕಿಕೊಂಡು, ಕಪ್ಪು ಪಂಚೆ ಉಟ್ಟು ಬಾಗಿಲಲ್ಲಿ ನಿಂತಾಗ ನಾನು ನಕ್ಕೇಬಿಟ್ಟೆ.

"ಏನ್ರೀ ಇದು, ಯಾರ ಜೊತೆ ಬೆಟ್ ಕಟ್ಟಿದ್ರಿ?"

ಅವರು ನಗಲಿಲ್ಲ. "ಇನ್ಮೇಲೆ ಸ್ವಾಮಿ ಅನ್ಬೇಕು," ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು.

ಮಾಲೆ ಹಾಕಿದವರ ವ್ರತ ಎಲ್ಲರಿಗೂ ಗೊತ್ತಿರುವುದೇ. ಶಬರಿಮಲೆಗೆ ಹೋಗಿ ಬರುವ ತನಕ ತಣ್ಣೀರ ಸ್ನಾನ, ನೆಲದ ಮೇಲೆ ಬೇರೆ ಚಾಪೆ, ಬೇರೆ ತಟ್ಟೆ ಲೋಟ. ಗಡ್ಡ ತೆಗೆಯುವಂತಿಲ್ಲ, ಹೆಂಡತಿಯ ಹತ್ತಿರ ಸುಳಿಯುವಂತಿಲ್ಲ. ಮನೆಮಂದಿಯೂ ಅವರಿಗೆ ಎದುರಾಡಬಾರದು, ಕೆಟ್ಟ ಮಾತು ಆಡಬಾರದು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಮೇಲೆ ಓನರ್ ಆಂಟಿ ಇರುತ್ತಾರೆ. ಬಾಡಿಗೆ ಎರಡು ದಿನ ತಡವಾದರೆ ಮುಖ ಗಂಟಿಕ್ಕುವ ಹೆಂಗಸು, ಅವರೇ ಕೆಳಗಿಳಿದು ಬಂದು ಇವರಿಗೆ ಕೈ ಮುಗಿದರು. ನನಗೂ ಒಳಗೊಳಗೆ ಹೆಮ್ಮೆ.

ಎರಡನೇ ಕ್ಲಾಸಿನ ಮಗಳಂತೂ ಅಪ್ಪ ಎನ್ನುವುದನ್ನೇ ಬಿಟ್ಟು ಸ್ವಾಮಿ, ಸ್ವಾಮಿ ಎಂದು ಅವರ ಹಿಂದೆ ಮುಂದೆ ತಿರುಗಿದಳು. ಅವಳು ಮೈಮೇಲೆ ಬೀಳಲು ಹೋದರೆ ಮಾತ್ರ ಅವರು ಮಡಿ ಎಂದು ದೂರ ಸರಿಯುತ್ತಿದ್ದರು. ಸ್ಕೂಲಿನಿಂದ ಬಂದ ಕೂಡಲೇ ಇನ್ನೊಂದು ಸ್ನಾನ ಆಗಬೇಕೆಂದು ಅವಳ ಹಟ. "ಬೆಳಿಗ್ಗೆ ಮಾಡಿದ್ಯಲ್ಲೇ, ನೀನೇನು ಬೆಟ್ಟಕ್ಕೆ ಹೋಗ್ತೀಯಾ?" ಎಂದು ಗದರಿದರೂ ಕೇಳದೆ ತಾನೇ ತಣ್ಣೀರು ಸುರಿದುಕೊಂಡು ನಡುಗುತ್ತಾ ಬರುತ್ತಿದ್ದಳು. ಅಪ್ಪನ ಭಕ್ತಿ ಮಗಳಿಗೂ ಹತ್ತಿತು ಎಂದುಕೊಂಡೆ.

ಫೋನ್ ಬಂದದ್ದು ಒಂದು ಮಧ್ಯಾಹ್ನ. ನಾನು ಮನೆಯಲ್ಲೇ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟಿಕೊಡುತ್ತೇನೆ. ಅವತ್ತೂ ಯಾರದೋ ಮದುವೆ ಸೀರೆ ತೊಡೆಯ ಮೇಲಿತ್ತು. ಆ ಕಡೆಯಿಂದ ಒಬ್ಬಳು ಹುಡುಗಿಯ ಮೆತ್ತನೆಯ ದನಿ.

"ಮೇಡಂ, ಸರ್ಕಾರಿ ಆಸ್ಪತ್ರೆ ಟೆಸ್ಟಿಂಗ್ ಸೆಂಟರಿಂದ ಮಾತಾಡ್ತಾ ಇದೀನಿ. ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ನಾನು ಓಟಿಪಿ ಗೀಟಿಪಿ ಕೊಡಲ್ಲ. ಇಡಮ್ಮ ಫೋನು."

"ಓಟಿಪಿ ಬೇಡ ಅಕ್ಕ. ನಿಮಗೆ ಹತ್ತಿರದವರು ಒಬ್ಬರ ರಕ್ತದಲ್ಲಿ ಒಂದು ಸೋಂಕು ಗೊತ್ತಾಗಿದೆ. ನಿಮಗೂ ಬಂದಿರಬಹುದು. ಬಂದು ಒಂದು ಟೆಸ್ಟ್ ಮಾಡಿಸ್ಕೊಳ್ಳಿ. ನಾನು ಕೌನ್ಸೆಲರ್. ಗಾಬರಿ ಆಗ್ಬೇಡಿ."

"ಯಾರಿಗೆ ಗೊತ್ತಾಗಿದೆ?"

"ಹೆಸರು ಹೇಳೋ ಹಾಗಿಲ್ಲ ಅಕ್ಕ."

ಹೇಳಬೇಕಾಗಿಯೂ ಇರಲಿಲ್ಲ. ನನ್ನ ಜನ್ಮಕ್ಕೆ ಇರುವುದೇ ಒಬ್ಬ ಗಂಡಸು. ಗೋಡೆಯ ಮೇಲೆ ಅವರ ಕಪ್ಪು ಅಂಗಿ ನೇತಾಡುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ಎಲ್ಲ ಒಂದೊಂದಾಗಿ ಜೋಡಿಸಿಕೊಂಡಿತು. ರಾಜ್ಯೋತ್ಸವಕ್ಕೆ ನಮ್ಮ ರಸ್ತೆಯ ಹುಡುಗರು ಪೆಂಡಾಲ್ ಹಾಕಿ ರಕ್ತದಾನ ಮಾಡಿಸಿದ್ದರು. ಇವರು ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸ ಮುಗಿಸಿ ಬರುವಾಗ ರಕ್ತ ಕೊಟ್ಟು, ಅಲ್ಲಿ ಕೊಟ್ಟ ಜ್ಯೂಸನ್ನು ಮಗಳಿಗೆಂದು ತಂದಿದ್ದರು. ಆಮೇಲೆ ಒಂದು ಸಂಜೆ ಅವರಿಗೆ ಯಾವುದೋ ಫೋನ್ ಬಂದು, ಮಾತಾಡಲು ರಸ್ತೆಯ ತುದಿವರೆಗೂ ನಡೆದು ಹೋಗಿದ್ದರು. ಆ ವಾರವೇ ಮಾಲೆ. ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ರಕ್ತದ ಚುಕ್ಕೆ ಸೀರೆಗೆ ತಾಗೀತೆಂದು ಬೆರಳನ್ನು ಬಾಯಿಗಿಟ್ಟುಕೊಂಡವಳು, ಅಯ್ಯೋ, ಈ ರಕ್ತದಲ್ಲಿ ಏನಿದೆಯೋ ಎಂದು ಹೆದರಿ ಮತ್ತೆ ಹೊರಗೆ ತೆಗೆದೆ. ನನ್ನ ಬೆರಳಿಗೆ ನಾನೇ ಹೆದರಿದ್ದು ಅದೇ ಮೊದಲು.

ರಾತ್ರಿ ಅವರಿಗೆ ಬಡಿಸುವಾಗ ಏನೂ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಕೊರಳಲ್ಲಿ ಮಾಲೆ ಇರುವವರ ಮುಂದೆ ಜೋರಾಗಿ ಉಸಿರು ಬಿಡುವುದೂ ತಪ್ಪು ಎಂದು ನಮ್ಮಮ್ಮ ಹೇಳಿ ಬೆಳೆಸಿದ್ದಾರೆ. ಅವರು ತಲೆ ಬಗ್ಗಿಸಿಕೊಂಡು ಉಂಡು, ತಟ್ಟೆಯನ್ನು ತಾವೇ ಉಜ್ಜಿ ಉಜ್ಜಿ ತೊಳೆದು ಬೇರೆ ಮೂಲೆಯಲ್ಲಿ ಬೋರಲು ಹಾಕಿದರು. ಅಷ್ಟು ದಿನ ಅದನ್ನು ಮಡಿ ಎಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಮರುದಿನ ಓನರ್ ಆಂಟಿಗೆ ರಾಜ್‌ಕುಮಾರ್ ರಸ್ತೆಗೆ ರೇಷ್ಮೆ ದಾರ ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಆಸ್ಪತ್ರೆಗೆ ಹೋದೆ. ಆಟೋದವನು ಕನ್ನಡಿಯಲ್ಲಿ ನೋಡಿದರೆ ಇವನಿಗೂ ಗೊತ್ತಾಯಿತೇನೋ ಎಂದು ಭಯ. ಕಾರಿಡಾರಿನಲ್ಲಿ ಟೆಸ್ಟಿಂಗ್ ಸೆಂಟರಿನ ಬಾಗಿಲಿನ ಮುಂದೆ ನಿಲ್ಲಲು ಧೈರ್ಯ ಸಾಲದೆ ಪಕ್ಕದ ಕಣ್ಣಿನ ವಿಭಾಗದ ಸಾಲಿನಲ್ಲಿ ನಿಂತೆ. ಸಾಲು ಕರಗಿ ಕರಗಿ ನನ್ನ ಸರದಿ ಬಂತು. ಅಲ್ಲಿನ ನರ್ಸಮ್ಮ "ಯಾವ ಕಣ್ಣು?" ಎಂದರು. ಅಲ್ಲಿಂದ ಓಡಿ ಬಂದು ಆ ಬಾಗಿಲು ತಳ್ಳಿದೆ.

ಕೌನ್ಸೆಲರ್ ನನಗಿಂತ ಚಿಕ್ಕವಳು. ಬಾಗಿಲು ಹಾಕಿ, ಕೂರಿಸಿ, ಅದು ಎಚ್‌ಐವಿ ಎಂದು ನಿಧಾನವಾಗಿ ಹೇಳಿದಳು. ಮೊದಲೆಲ್ಲ ಬಂದವರಿಗೆ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟು ಕಳಿಸುವುದೇ ಹೆಚ್ಚಂತೆ. ಈಗ ಸಂಗಾತಿಗೂ ತಿಳಿಸಬೇಕು ಎಂದು ಕೂತು ಮಾತಾಡುತ್ತಾರಂತೆ. ಸೋಂಕು ಇರುವವರು ತಾವೇ ಮನೆಯಲ್ಲಿ ಹೇಳಬಹುದು, ಇಲ್ಲಿಗೆ ಕರೆದುಕೊಂಡು ಬಂದು ಇವಳೆದುರು ಹೇಳಬಹುದು, ಎರಡೂ ಆಗದಿದ್ದರೆ ಅವರ ಒಪ್ಪಿಗೆ ತೆಗೆದುಕೊಂಡು ಇವಳೇ ಹೆಸರೆತ್ತದೆ ಫೋನ್ ಮಾಡುತ್ತಾಳೆ.

"ಹೆಸರೆತ್ತದೇ ಇದ್ರೆ ಗೊತ್ತಾಗಲ್ವಾ? ನಂಗಿರೋದು ಒಬ್ಬರೇ ಗಂಡ ಕಣಮ್ಮ," ಎಂದೆ. ಸಿಟ್ಟು ಅವಳ ಮೇಲಲ್ಲ, ಆದರೂ ಸಿಕ್ಕವಳು ಅವಳು.

"ಅದಕ್ಕೆ ನಾನೇನೂ ಹೇಳಕ್ಕಾಗಲ್ಲ ಅಕ್ಕ. ನೀವು ಇಲ್ಲಿಗೆ ಬಂದಿದ್ದೂ, ನಿಮ್ಮ ರಿಸಲ್ಟೂ ಅಷ್ಟೇ. ನೀವು ಹೇಳು ಅನ್ನದೆ ಯಾರಿಗೂ ಹೇಳಲ್ಲ." ಆಮೇಲೆ ಕೇಳಿದಳು, "ಮನೇಲಿ ನಿಮ್ಮ ಮೇಲೆ ಯಾರಾದ್ರೂ ಕೈ ಮಾಡೋ ಭಯ ಇದೆಯಾ?"

ಇಲ್ಲ ಎಂದೆ. ನನಗಿದ್ದ ಭಯವೇ ಬೇರೆ. "ನಂಗಿದ್ರೆ ನನ್ನ ಮಗಳಿಗೆ?"

"ನಿಮಗಿದ್ರೆ ಮಗೂಗೂ ನೋಡ್ಬೇಕಾಗುತ್ತೆ," ಎಂದಳು.

ರಕ್ತ ತೆಗೆದು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಅಷ್ಟು ಹೊತ್ತು ನನ್ನ ತಲೆಯಲ್ಲಿ ಗಂಡ ಇರಲಿಲ್ಲ. ಮಗಳು ಹುಟ್ಟಿದಾಗ ಎಷ್ಟು ಸಣ್ಣಗಿದ್ದಳು, ಎರಡು ವರ್ಷ ತುಂಬುವ ತನಕ ಹಾಲು ಬಿಡದೆ ಹೇಗೆ ಕಾಡಿದಳು, ಅದೇ. ಹಾಲು ಬಿಡಿಸಲು ನನ್ನಮ್ಮ ಬೇವಿನ ರಸ ಹಚ್ಚು ಎಂದಾಗ ಪಾಪ ಎನಿಸಿ ಬಿಟ್ಟಿದ್ದೆ. ತಾಯಿಯ ಹಾಲಿನಿಂದಲೂ ಇದು ಹೋಗುತ್ತದಂತೆ, ಆಗಲೇ ಹಚ್ಚಬೇಕಿತ್ತೇ ಎಂದು ಈಗ ಅನ್ನಿಸಿತು. ದೇವರಿಗೆ ಹರಕೆ ಹೊರಲು ಹೋದರೆ ಯಾವ ದೇವರ ಹೆಸರೂ ನಾಲಿಗೆಗೆ ಬರಲಿಲ್ಲ. ಅಯ್ಯಪ್ಪನನ್ನು ಕರೆಯಲು ಮನಸ್ಸಾಗಲಿಲ್ಲ.

ಅವಳು ಒಳಗೆ ಕರೆದು, "ನಿಮಗಿಲ್ಲ ಅಕ್ಕ," ಎಂದಳು. ನನಗಿಲ್ಲದ ಮೇಲೆ ನನ್ನಿಂದ ಮಗಳಿಗೆ ಬಂದಿರುವಂತಿಲ್ಲ ಎಂದೂ, ಆದರೂ ಮೂರು ತಿಂಗಳ ಮೇಲೆ ಇನ್ನೊಮ್ಮೆ ಬಂದು ನಾನು ಪರೀಕ್ಷೆ ಮಾಡಿಸಬೇಕೆಂದೂ ಹೇಳಿದಳು. ಒಂದೇ ತಟ್ಟೆಯಲ್ಲಿ ಉಂಡರೆ, ಮುಟ್ಟಿದರೆ, ಮಗುವನ್ನು ಎತ್ತಿಕೊಂಡರೆ ಇದು ಅಂಟುವುದಿಲ್ಲ, ದಿನಾ ಮಾತ್ರೆ ನುಂಗಿದರೆ ಮನುಷ್ಯ ಎಲ್ಲರಂತೆ ಬದುಕುತ್ತಾನೆ ಎಂದಳು. ನಾನು ತಲೆಯಾಡಿಸುತ್ತಲೇ ಇದ್ದೆ. ಮೂರು ತಿಂಗಳು ಎಂಬ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ.

ಸಂಜೆ ಮನೆಯವರು ಬಂದು, ಸ್ನಾನ ಮಾಡಿ, ದೀಪ ಹಚ್ಚಿದರು. ಮಗಳು ಆಗಲೇ ತನ್ನ ಎರಡನೇ ಸ್ನಾನ ಮುಗಿಸಿ ಶರಣು ಹೇಳಿ ಮೇಲೆ ಆಂಟಿಗೆ ಪ್ರಸಾದ ಕೊಡಲು ಹೋದಳು. ಇವರು ನನ್ನ ಮುಖ ನೋಡುವುದು, ನಾನು ತಿರುಗಿದರೆ ದೇವರ ಪಟ ನೋಡುವುದು. ನಾನು ಹೋದೆನೋ ಇಲ್ಲವೋ, ಏನಾಯಿತೋ, ಅವರಿಗೆ ಹೇಳುವವರು ಯಾರೂ ಇಲ್ಲ. ಅದು ಹೊಳೆದಾಗ ಮನಸ್ಸಿಗೆ ಒಂದು ಕೆಟ್ಟ ಸಮಾಧಾನವಾಯಿತು. ಬೇಯಲಿ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡೆ. ಆದರೆ ಹಾಗೆ ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

"ಸ್ವಾಮಿ," ಎಂದೆ, "ಆಸ್ಪತ್ರೆಗೆ ಹೋಗಿದ್ದೆ."

ಅವರ ಕೈ ಮಾಲೆಯ ಮೇಲೆ ಹೋಯಿತು. "ಏನಂದ್ರು?"

"ನಂಗಿಲ್ಲ. ಮಗಳಿಗೂ ಇಲ್ಲ. ಮೂರು ತಿಂಗಳಾದ್ಮೇಲೆ ನಂಗೆ ಇನ್ನೊಂದ್ಸಲ ನೋಡ್ತಾರೆ."

ಅವರು ಗೋಳೋ ಎಂದು ಅತ್ತರು. "ಮೆತ್ತಗೆ, ಆಂಟಿ ಕೇಳಿಸ್ಕೋತಾರೆ," ಎಂದೆ. ಹೊಸೂರಿನಲ್ಲಿ ಮಷೀನ್ ಕೂರಿಸಲು ಹೋಗಿ ತಿಂಗಳುಗಟ್ಟಲೆ ಇದ್ದಾಗ ಆದದ್ದು ಎಂದರು. ಹೇಳಲು ಬಾಯಿ ಬರಲಿಲ್ಲ, ನಿನ್ನಿಂದ ದೂರ ಇರಲು ಬೇರೆ ಕಾರಣ ಹೊಳೆಯಲಿಲ್ಲ, ಅದಕ್ಕೇ ಮಾಲೆ ಎಂದರು. ಅರ್ಧ ನಂಬಿದೆ, ಅರ್ಧ ನಂಬಲಿಲ್ಲ. ಕ್ಷಮಿಸಿದೆನೋ ಎಂದು ಇವತ್ತು ಕೇಳಿದರೂ ನನಗೆ ಗೊತ್ತಿಲ್ಲ. ಆದರೆ ಒಂದು ಮಾತು ಮಾತ್ರ ಅವತ್ತೇ ಹೇಳಬೇಕಿತ್ತು. "ಎತ್ಕೊಂಡ್ರೆ ಬರಲ್ವಂತೆ. ಮಗೂನ ಮುಟ್ಟಿ ಎಷ್ಟು ದಿನ ಆಯ್ತು ನೋಡಿ ನೀವು."

ಅಷ್ಟರಲ್ಲಿ ಮಗಳು ಮೆಟ್ಟಿಲಿಳಿದು ಬಂದಳು. ಅವರು ಕಣ್ಣೊರೆಸಿಕೊಂಡು ಕೈ ಚಾಚಿದರು. ಅವಳು ಓಡಿ ಹೋಗುವುದಿರಲಿ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಒದ್ದೆ ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಸ್ವಾಮಿ, ಬೇಡ. ಆಂಟಿ ಮನೇಲಿ ನಾಯಿ ಮುಟ್ಬಿಟ್ಟೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಅವಸರ ಅವಸರವಾಗಿ ಕೇಳಿದಳು, "ಅಮ್ಮ, ಇನ್ನೊಂದ್ಸಲ ಸ್ನಾನ ಮಾಡ್ಕೊಂಡ್ ಬಂದ್ರೆ ಎತ್ಕೋತಾರಾ?"