ಅರ್ಥ ಗೊತ್ತಿಲ್ಲದೆ ಓದಿದ ಚೀಟಿ

ನಾಲ್ಕನೇ ಕ್ಲಾಸಿಗೆ ಹೋಗುವಷ್ಟು ಚಿಕ್ಕವನಿದ್ದಾಗ, ಗಡಿನಾಡಿನ ವರ್ಕಾಡಿಯ ನಮ್ಮ ಮನೆಯಲ್ಲಿ ಓದಲು ಬರುತ್ತಿದ್ದುದು ನನಗೊಬ್ಬನಿಗೇ. ಮನೆಮಾತು ತುಳು, ಕನ್ನಡ ಅಕ್ಷರವೆಂದರೆ ಶಾಲೆಯ ಸಂಗತಿ. ಅಕ್ಕ ಶಾಲೆಗೆ ಹೋದವಳಲ್ಲ, ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಮನೆಗೆ ಯಾವ ಕಾಗದ ಬಂದರೂ ನಾನು ಗಂಟಲು ಸರಿಮಾಡಿಕೊಂಡು, ದೊಡ್ಡ ಮನುಷ್ಯನ ಹಾಗೆ ಓದಿ ಹೇಳುತ್ತಿದ್ದೆ.

ಆ ವರ್ಷ ಅಪ್ಪ ಮರದಿಂದ ಬಿದ್ದು, ಸೊಂಟ ಎತ್ತಲಾಗದೆ ಚಾಪೆ ಹಿಡಿದಿದ್ದರು. ಒಂದು ಬೆಳಿಗ್ಗೆ ಪಕ್ಕದ ಮನೆಯವರು ಡಾಕ್ಟರರಿಂದ ಒಂದು ಬಾಟ್ಲಿ ಔಷಧ ತಂದುಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದರು. ಬಾಟ್ಲಿಗೆ ಚೀಟಿ ಅಂಟಿಸಿತ್ತು. “ಬಾಹ್ಯೋಪಯೋಗಕ್ಕೆ ಮಾತ್ರ. ದಿನಕ್ಕೆ ಮೂರು ಸಲ.” ಎಲ್ಲೂ ತಡವರಿಸದೆ ಓದಿದೆ.

“ಹಾಗೆಂದರೆ ಎಂತ?” ಅಕ್ಕ ಕೇಳಿದಳು.

ನನಗೂ ಗೊತ್ತಿರಲಿಲ್ಲ. “ಮೂರು ಸಲ ಕೊಡಬೇಕು, ಅಷ್ಟೇ” ಅಂದೆ.

“ಹಾಗಾದರೆ ಮಧ್ಯಾಹ್ನ ಗಂಜಿ ಉಂಡ ಮೇಲೆ ಒಂದು ಚಮಚ ಕೊಡ್ತೇನೆ.”

ನಾನು ಶಾಲೆಗೆ ಹೋದೆ. ಪರೀಕ್ಷೆ ಹತ್ತಿರವಿತ್ತು. ಮಾಷ್ಟ್ರು ಹಳೆಯ ಪಾಠಗಳನ್ನು ಇನ್ನೊಮ್ಮೆ ಓದಿಸುತ್ತಿದ್ದರು. ನನ್ನ ಸರದಿ ಬಂದಾಗ, ‘ರಾಜನಿಗೆ ಬಾಹ್ಯ ಆಡಂಬರ ಹಿಡಿಸುತ್ತಿರಲಿಲ್ಲ’ ಎಂಬ ಸಾಲನ್ನು ನೀರು ಕುಡಿದಷ್ಟು ಸುಲಭವಾಗಿ ಓದಿದೆ.

“ರಾಜ ಎಂಥವನು ಅಂತ ಆ ಸಾಲಿನಲ್ಲೇ ಉಂಟು. ಬಾಹ್ಯ ಅಂದರೆ ಎಂತ, ಹೇಳು” ಅಂದರು ಮಾಷ್ಟ್ರು. ನಾನು ಆ ಸಾಲನ್ನೇ ಇನ್ನೊಮ್ಮೆ ಓದಿದೆ. ಅವರೇ ಹೇಳಿದರು, “ಬಾಹ್ಯ ಅಂದರೆ ಹೊರಗಿನದ್ದು. ಮೈಯ ಹೊರಗೆ, ಮನೆಯ ಹೊರಗೆ...”

ಮೈಯ ಹೊರಗೆ! ಅಪ್ಪನ ಬಾಟ್ಲಿಯಲ್ಲಿದ್ದುದು ಹಚ್ಚುವ ಔಷಧ. ಹೊರಗೆ ಆಗಲೇ ಸೂರ್ಯ ನೆತ್ತಿಯ ಮೇಲಿದ್ದ.

ಮಾಷ್ಟ್ರು ಕೂಗುತ್ತಿದ್ದಂತೆಯೇ ಓಡಿದೆ. ಮುರಕಲ್ಲಿನ ದಾರಿ ಕಾದು ಬರಿಗಾಲು ಸುಡುತ್ತಿತ್ತು. ತೋಡಿನ ನೀರಿನ ಮೇಲೆ ಹಾಕಿದ್ದ ಮರದ ಸಂಕ ದಾಟುವಾಗ ಜಾರಿ ಮೊಣಕಾಲಿನ ಚರ್ಮ ಕಿತ್ತುಹೋಯಿತು. ‘ಗಂಜಿ ಬೇಯದಿರಲಿ, ಇವತ್ತು ಗಂಜಿ ತಡವಾಗಲಿ’ ಎಂದು ದೇವರಲ್ಲಿ ಬೇಡುತ್ತಾ ಓಡಿದೆ.

ಮನೆಯೊಳಗೆ ಕರ್ಪೂರದಂಥ ಕಟು ವಾಸನೆ. ಗಂಜಿಯ ಬಟ್ಟಲು ಖಾಲಿ. ಪಕ್ಕದಲ್ಲಿ ಒದ್ದೆ ಚಮಚ. ಅಪ್ಪ ಕಣ್ಣು ಮುಚ್ಚಿ ಅಲುಗಾಡದೆ ಮಲಗಿದ್ದರು. “ಅಪ್ಪಾ!” ಎಂದು ಚೀರಿ ಅವರ ಎದೆಯ ಮೇಲೆ ಬಿದ್ದೆ.

“ಅಯ್ಯೋ ಸೊಂಟ! ಎಂತ ಆಯಿತು ನಿನಗೆ?” ಅಪ್ಪ ನೋವಿನಿಂದ ಕೂಗಿದರು. ಆ ಕೂಗಿನಷ್ಟು ಹಿತವಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಅಕ್ಕ ಅಡುಗೆಮನೆಯಿಂದ ಓಡಿ ಬಂದಳು. “ಚಮಚಕ್ಕೆ ಹೊಯ್ದೆ. ಮೂಗಿಗೆ ಬಡಿದ ವಾಸನೆಗೆ ಹೆದರಿಕೆ ಆಯಿತು. ಅಪ್ಪ ಕೊಡು ಕೊಡು ಅಂದರು. ನೀನು ಬಂದು ಇನ್ನೊಮ್ಮೆ ಓದಿದ ಮೇಲೆ ನೋಡುವ ಅಂತ ತಿರುಗಿ ಬಾಟ್ಲಿಗೇ ಹಾಕಿದೆ.”

ಎಲ್ಲವನ್ನೂ ಹೇಳಿದೆ. ಅಕ್ಕ ಬೈಯಲಿಲ್ಲ. ನನ್ನ ಮೊಣಕಾಲಿನ ರಕ್ತ ಒರೆಸುತ್ತಾ, “ಗೊತ್ತಿಲ್ಲ ಅಂತ ಹೇಳಿದ್ದರೆ ಯಾರಲ್ಲಾದರೂ ಕೇಳ್ತಿದ್ದೆನಲ್ಲ ತಮ್ಮಾ” ಅಂದಳು.

ಮಕ್ಕಳೇ, ಈಗ ನಮ್ಮ ಮನೆಯಲ್ಲಿ ಓದು ಬಾರದವರು ಯಾರೂ ಇಲ್ಲ. ನೀವು ಮಲಯಾಳ, ಇಂಗ್ಲಿಷ್ ಎಲ್ಲ ಓದುತ್ತೀರಿ. ಅರ್ಥ ಬೇಕಾದರೆ ಮೊಬೈಲು ಹೇಳುತ್ತದೆ. ಮೊನ್ನೆ ಮೊಮ್ಮಗಳು ಓಣಂ ರಜೆಗೆ ಮೊದಲಿನ ಪರೀಕ್ಷೆಗೆಂದು ಪಾಠ ಓದಿ, ಪ್ರಶ್ನೆಗಳಿಗೆಲ್ಲ ಪುಸ್ತಕದ ಸಾಲುಗಳನ್ನೇ ಉತ್ತರವಾಗಿ ಬರೆದಳು. “ಎಲ್ಲ ಅರ್ಥ ಆಯಿತಾ?” ಎಂದೆ. ಹೌದೆಂದು ಥಟ್ಟನೆ ತಲೆಯಾಡಿಸಿದಳು. ನನಗೆ ಆ ಬಾಟ್ಲಿಯ ಚೀಟಿ ನೆನಪಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಪುಸ್ತಕ ಹಿಡಿದು ಬಂದು, ಒಂದು ಶಬ್ದದ ಮೇಲೆ ಬೆರಳಿಟ್ಟಳು. “ಅಜ್ಜಾ, ಇದು ನನಗೆ ಗೊತ್ತಿಲ್ಲ.”