ಅಣ್ಣ ಬರೆಸಿದ ಹನ್ನೊಂದು ಕಲ್ಲು

“ನಿಧಾನ ಬರ್ಕೋ ಮಾರಾಯ, ಒಂದು ಅಂಕೆ ತಪ್ಪಿದ್ರೂ ಯಾರದ್ದಾದ್ರೂ ಬಲೆ ಹರೀತದೆ.”

ಹೊನ್ನಾವರದ ಬಂದರಿನಲ್ಲಿ ದೋಣಿಯ ಜಿಪಿಎಸ್ ನೋಡುತ್ತ ಅಣ್ಣ ಮಂಜುನಾಥ ನನಗೆ ನೀರೊಳಗಿನ ಹನ್ನೊಂದು ಕಲ್ಲುಬಂಡೆಗಳ ಜಾಗ ಬರೆಸಿದ. ಮರುದಿನ ಬೆಳಿಗ್ಗೆ ಹೃದಯಾಘಾತದಿಂದ ತೀರಿಕೊಂಡ.

ಮೀನುಗಾರರ ಸಂಘದ ಕಂಪ್ಯೂಟರ್ ಕೆಲಸ ನನ್ನದು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ಮೊದಲು ಆ ಕಲ್ಲುಗಳನ್ನು ಸಂಘದ ವೆಬ್‌ಸೈಟಿನ ನಕ್ಷೆಯಲ್ಲಿ ತೋರಿಸಬೇಕಿತ್ತು. ನಕ್ಷೆಯ ಮಾಹಿತಿ ಬೇರೆ ಸರ್ವರಿನಿಂದ ಬರುವುದರಿಂದ ಬ್ರೌಸರ್ ಅದನ್ನು ತಡೆಯುತ್ತಿತ್ತು, ಪುಟ ಖಾಲಿ. ಕೊನೆಗೆ ನಮ್ಮ ಸರ್ವರಿನಲ್ಲೇ ಒಂದು ಸಣ್ಣ ಪ್ರಾಕ್ಸಿ ಸ್ಕ್ರಿಪ್ಟ್ ಕೂರಿಸಿದೆ.

“ಇದು ಮೀನು ಹರಾಜಿನ ದಲ್ಲಾಳಿ ಇದ್ದಂಗೆ ಮಾವ. ಬ್ರೌಸರ್ ಕೇಳಿದ್ದನ್ನ ತಾನೇ ಹೋಗಿ ತಂದ್ಕೊಡ್ತದೆ” ಎಂದೆ, ಪಕ್ಕದಲ್ಲಿ ಕೂತಿದ್ದ ಹಿರಿಯ ದೋಣಿಗಾರ ನಾಗಪ್ಪ ಮಾವನಿಗೆ.

“ಕಮಿಷನ್ ಎಷ್ಟು ತಿಂತದೆ?” ಎಂದರು.

ಪುಟ ತೆರೆದೆ. ಕುಮಟಾದಿಂದ ಭಟ್ಕಳದವರೆಗಿನ ಕರಾವಳಿ ಚೌಕ ಚೌಕವಾಗಿ ತುಂಬಿಕೊಂಡಿತು, ಕಡಲಿನಲ್ಲಿ ಹನ್ನೊಂದು ಕೆಂಪು ಚುಕ್ಕೆ! ಖುಷಿಗೆ ಕೂಗಿಯೇಬಿಟ್ಟೆ. ಮಾವನೂ ಕುರ್ಚಿ ಬಿಟ್ಟೆದ್ದು ಒಂದೊಂದು ಚುಕ್ಕೆಯನ್ನೂ ಹೆಸರು ಹಿಡಿದು ಕರೆಯತೊಡಗಿದರು. ನಮ್ಮಲ್ಲಿ ಮೊದಲು ಬಲೆ ಹರಿದುಕೊಂಡವನ ಹೆಸರೇ ಕಲ್ಲಿಗೂ ಬೀಳುತ್ತದೆ.

“ಎಲ್ಲಾ ಆತು. ಮಂಜುನ ಕಲ್ಲು ಎಲ್ಲಿ? ಕಾಯ್ಕಿಣಿ ಊರಿನ ಎದುರಿಗೆ ಇರ್ಬೇಕಲ?”

ಅಣ್ಣ ತನ್ನ ಹೆಸರಿನದನ್ನು ಬರೆಸಿರಲಿಲ್ಲ. ಅದರ ಸರಿಯಾದ ಜಾಗ ಅವನೊಬ್ಬನಿಗೇ, ಕಣ್ಣಳತೆಯಲ್ಲಿ ಗೊತ್ತಿತ್ತು, ಜಿಪಿಎಸ್‌ನಲ್ಲೂ ಗುರುತು ಹಾಕಿರಲಿಲ್ಲ. ಈಗ ಎಲ್ಲರ ಮೊಬೈಲಿನಲ್ಲೂ ನಮ್ಮ ನಕ್ಷೆ ತೆರೆಯುತ್ತದೆ. ಆ ಒಂದು ಕಲ್ಲು ಅದರಲ್ಲಿ ಇನ್ನೂ ಇಲ್ಲ.