ಕಲ್ಲು ತೊಳೆದ ಕೈ

ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕ ಮೇಲೂ ಕೊಳೆ ಉಳಿಸಿಕೊಂಡ ವಸ್ತು ಈ ಲೋಕದಲ್ಲಿ ಇಲ್ಲ. ಪಾತ್ರೆ, ಬಾಗಿಲು, ಕಿಟಕಿಯ ಸರಳು, ಚಪ್ಪಲಿಯ ಅಡಿ, ಚಿಕ್ಕಂದಿನಲ್ಲಿ ನನ್ನ ಮೊಣಕೈ, ಯಾವುದನ್ನೂ ಅವಳು ಬಿಟ್ಟವಳಲ್ಲ. ಅಂಥವಳಿಗೆ ಸಿಕ್ಕ ನೌಕರಿಯೂ ತೊಳೆಯುವುದೇ. ತೊಳೆಯುತ್ತಿದ್ದದ್ದು ಕಲ್ಲನ್ನು. ಕೇಳಿದವರು ನಗುತ್ತಾರೆ, ನಗಲಿ. ನನ್ನದು ಹೊಲಿಗೆ ಅಂಗಡಿ. ನಕ್ಕವರ ಬಟ್ಟೆಯನ್ನು ಒಂದು ವಾರ ತಡ ಮಾಡಿ ಕೊಡುತ್ತೇನೆ, ಅಷ್ಟೇ.

ಹಳೇ ಬೀದಿಯ ತುದಿಯಲ್ಲಿ ಪುರಾತತ್ವ ಸಂಶೋಧನೆಯ ಸಂಸ್ಥೆಯಿದೆ. ಚಿಕ್ಕಪ್ಪ ಅಲ್ಲಿ ಜೀಪು ಓಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಚಿಕ್ಕಮ್ಮನಿಗೆ ಅಲ್ಲಿನ ತೊಳೆಯುವ ಕೋಣೆಯಲ್ಲಿ ಕೆಲಸ ಕೊಟ್ಟರು. ನೆಲಮಹಡಿಯ ಹಿಂಭಾಗದ ಕೋಣೆ ಅದು. ಉದ್ದಕ್ಕೆ ಸಿಮೆಂಟಿನ ತೊಟ್ಟಿ, ಸಾಲಾಗಿ ನಲ್ಲಿಗಳು, ಗೋಡೆಗೆ ಒರಗಿಸಿದ ಜಾಲರಿಯ ತಟ್ಟೆಗಳು, ಒಂದು ಕಾಲು ಅಲ್ಲಾಡುವ ಸ್ಟೂಲು. ಅಗೆತದ ಜಾಗದಿಂದ ಮಣ್ಣು ಮೆತ್ತಿದ ಕಲ್ಲುಗಳು ಚೀಲಗಟ್ಟಲೆ ಬರುತ್ತಿದ್ದವು. ಕಬ್ಬಿಣ ತಾಮ್ರಗಳ ಸುಳಿವೇ ಇಲ್ಲದ ಕಾಲದ ಜನ ಚಕಮಕಿ ಕಲ್ಲು ಒಡೆದು, ಚಕ್ಕೆ ಎಬ್ಬಿಸಿ ಮಾಡಿಕೊಂಡ ಚಾಕುಗಳು, ದಬ್ಬಣಗಳು, ತೊಗಲು ಹೆರೆಯುವ ಕಲ್ಲುಗಳು. ಚಿಕ್ಕಮ್ಮ ಒಂದೊಂದನ್ನೂ ಎಡ ಅಂಗೈಯಲ್ಲಿಟ್ಟುಕೊಂಡು, ಗಟ್ಟಿ ಬ್ರಷ್ಷಿನಿಂದ ಬುಡದ ಕಡೆಯಿಂದ ಅಂಚಿನ ಕಡೆಗೆ ಓರೆಯಾಗಿ ಎಳೆದು ಉಜ್ಜಿ, ಜಾಲರಿಯ ಮೇಲೆ ಒಣಹಾಕುತ್ತಿದ್ದಳು. ಪಕ್ಕದಲ್ಲಿ ಅದು ಯಾವ ಗುಂಡಿಯದು ಎಂಬ ಚೀಟಿ. ಚೀಟಿ ತಪ್ಪಿದ ಕಲ್ಲು ತಬ್ಬಲಿ ಎಂದು ಅವಳೇ ನನಗೆ ಹೇಳಿದ್ದು.

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಕಲ್ಲಮ್ಮ ಎನ್ನುತ್ತಿದ್ದರು. ಆಗಿನ ದೊಡ್ಡ ಸಾರ್ ಹೊರಗಿನಿಂದ ಯಾರೇ ಬಂದರೂ ಜಾಲರಿ ತಟ್ಟೆ ತೋರಿಸಿ, "ನೋಡಿ, ನಮ್ಮ ಕಲ್ಲಮ್ಮನ ಕೈಚಳಕ" ಎನ್ನುತ್ತಿದ್ದರಂತೆ. ಆ ಮಾತನ್ನು ಚಿಕ್ಕಮ್ಮ ನನ್ನ ಮುಂದೆ ಎಷ್ಟು ಸಲ ಹೇಳಿದ್ದಾಳೆಂದರೆ ನನಗೆ ಸಾರ್ ದನಿಯೂ ಬಾಯಿಪಾಠವಾಗಿದೆ. ಅವಳಿಗೆ ಮಕ್ಕಳಿಲ್ಲ. ನಾನು ಮೇಲಿನ ಮನೆಯಲ್ಲಿ, ಅವಳು ಕೆಳಗಿನ ಮನೆಯಲ್ಲಿ. ದಿನಾ ಸಂಜೆ ಟೀ ಕುಡಿಯುತ್ತಾ ಜಗಳ ಆಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ.

ಅವಳು ನಿವೃತ್ತಿಯ ಹತ್ತಿರ ಬಂದಿದ್ದಾಗ ಸಂಸ್ಥೆಗೆ ಹೊಸ ಮೇಡಂ ಬಂದರು. ನಡುವಯಸ್ಸಿನವರು, ಸದಾ ಕತ್ತಿನಲ್ಲಿ ಕನ್ನಡಕ ನೇತುಬಿದ್ದಿರುತ್ತಿತ್ತು. ಕಲ್ಲು ಎಷ್ಟು ಹಳೆಯದು ಎಂಬುದಕ್ಕಿಂತ ಅದರಿಂದ ಏನು ಮಾಡುತ್ತಿದ್ದರು ಎಂಬುದೇ ಅವರಿಗೆ ಬೇಕಾದದ್ದು. ಮಾಂಸ ಕೊಯ್ದ ಅಂಚು ಒಂದು ಥರ ಸವೆಯುತ್ತದಂತೆ, ಮರ ಕೆತ್ತಿದ್ದು ಇನ್ನೊಂದು ಥರ, ತೊಗಲು ಹೆರೆದದ್ದು ಮತ್ತೊಂದು ಥರ. ಬರಿಗಣ್ಣಿಗೆ ಏನೂ ಕಾಣದು. ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಗೀರುಗಳೂ ಹೊಳಪೂ ಕಾಣುತ್ತವೆ. ಕೋಣೆಗೆ ಬಂದು ಇದನ್ನೆಲ್ಲ ಚಿಕ್ಕಮ್ಮನನ್ನು ಕೂರಿಸಿಕೊಂಡು ಹೇಳಿದರು. ಅಷ್ಟು ವರ್ಷದಲ್ಲಿ ಹಾಗೆ ಕೂತು ಹೇಳಿದವರು ಅವರೊಬ್ಬರೇ.

ಕೆಲವು ತಿಂಗಳಿಗೆ ಮೇಡಂಗೆ ಒಂದು ವಿಚಿತ್ರ ಸಿಕ್ಕಿತು. ಸಂಸ್ಥೆ ಇಷ್ಟು ವರ್ಷ ಅಗೆದದ್ದೆಲ್ಲ ಒಂದೇ ಕಣಿವೆಯಲ್ಲಿ; ಅಲ್ಲಿಂದ ಬಂದ ಪೆಟ್ಟಿಗೆಗಟ್ಟಲೆ ಕಲ್ಲುಗಳ ಮೇಲೆ ಒಂದೇ ಬಗೆಯ ಸಣ್ಣ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ ಓರೆ. ಹೀಗೆ ಬೇರೆಲ್ಲೂ ಕಂಡಿಲ್ಲ. ಆ ಕಣಿವೆಯ ಜನ ಯಾವುದೋ ಜೊಂಡು ಹೆರೆಯುತ್ತಿದ್ದಿರಬೇಕು, ಬುಟ್ಟಿ ಹೆಣೆಯುತ್ತಿದ್ದಿರಬೇಕು ಎಂದು ಮಾತಾಯಿತು. ಎಲ್ಲರಿಗೂ ಟೀ, ಬಿಸ್ಕತ್ತು ಹಂಚಿದರು. ಚಿಕ್ಕಮ್ಮನಂತೂ ಮನೆಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ.

"ಬುಟ್ಟಿ ಹೆಣೀತಿದ್ರಂತೆ ಕಣೇ. ನಾನು ತೊಳೆದ ಕಲ್ಲಲ್ಲೇ ಗೊತ್ತಾಗಿದ್ದು."

"ಹಾಗಾದ್ರೆ ನಿನಗೂ ಒಂದು ಬುಟ್ಟಿ ಕೊಡೋಕೆ ಹೇಳು, ತರಕಾರಿ ತರೋಕಾಗುತ್ತೆ" ಎಂದೆ.

"ನಿನ್ನ ಬಾಯಿಗಿಷ್ಟು" ಎಂದು ಟವೆಲ್ಲು ಎಸೆದಳು.

ಆದರೆ ಮೇಡಂಗೆ ಅನುಮಾನ ಶುರುವಾಯಿತು. ಗೀರುಗಳು ಹರಿತವಾದ ಅಂಚಿನಲ್ಲಿ ಮಾತ್ರ ಇದ್ದಿದ್ದರೆ ಸರಿ. ಕೈಯಲ್ಲಿ ಹಿಡಿಯುವ ಮೊಂಡು ಬುಡದ ಮೇಲೂ ಇದ್ದವು, ಬೆನ್ನಿನ ಮೇಲೂ ಇದ್ದವು. ಜೊಂಡನ್ನು ಬೆನ್ನಿನಿಂದ ಹೆರೆಯುವವರು ಯಾರು? ಒಂದು ಬೆಳಿಗ್ಗೆ ಅವರು ತೊಳೆಯುವ ಕೋಣೆಯ ಬಾಗಿಲಲ್ಲಿ ಬಂದು ನಿಂತು, ಚಿಕ್ಕಮ್ಮನ ಕೈಯನ್ನೇ ತುಂಬಾ ಹೊತ್ತು ನೋಡಿದರು. ಆಗಷ್ಟೇ ಒಡೆದ ಒಂದು ಚಕ್ಕೆಯನ್ನು ಕೊಟ್ಟು, "ಅಮ್ಮ, ಇದನ್ನೊಂದು ಸ್ವಲ್ಪ ತೊಳೆದುಕೊಡಿ" ಎಂದರು. ತೊಳೆದದ್ದನ್ನು ಮೇಲೆ ಒಯ್ದು ನೋಡಿದರೆ ಅವೇ ಗೀರುಗಳು. ತೊಟ್ಟಿಯ ನೀರಿನಲ್ಲಿ ಉಳಿದ ಮರಳಿನ ಕಣ ಬ್ರಷ್ಷಿಗೆ ಹತ್ತಿ, ಇಷ್ಟು ವರ್ಷ ಪ್ರತಿ ಕಲ್ಲನ್ನೂ ಗೀರಿತ್ತು. ಬುಟ್ಟಿಯೂ ಇಲ್ಲ, ಜೊಂಡೂ ಇಲ್ಲ, ಇದ್ದದ್ದು ನಮ್ಮ ಚಿಕ್ಕಮ್ಮ.

ಅವತ್ತು ಅವಳು ಮನೆಗೆ ಬಂದು ಊಟದ ಪಾತ್ರೆಗಳನ್ನು ತೊಳೆಯದೆ ಹಾಗೇ ಬಿಟ್ಟಳು.

"ಏನಾಯ್ತು ಚಿಕ್ಕಮ್ಮ?"

"ಅಷ್ಟು ಸಾವಿರ ವರ್ಷ ಮಣ್ಣೊಳಗಿದ್ದೂ ಅವಕ್ಕೇನೂ ಆಗಿರಲಿಲ್ಲ. ನನ್ನ ಕೈಗೆ ಬಂದು ಹಾಳಾದ್ವು."

ಮೊದಲು ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದಳು. ಹೇಳಿ ಮುಗಿಸಿ ಗೋಡೆ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ, ಅದರ ಮಾರನೆಯ ದಿನವೂ ಹೋಗಲಿಲ್ಲ. ಏನು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ನಿವೃತ್ತಿಗೆ ಮುಂಚೆಯೇ ಬಿಟ್ಟುಬಿಡುತ್ತೇನೆ, ಆ ಪೆಟ್ಟಿಗೆಗಳ ಮುಂದೆ ಹಾದುಹೋಗುವ ಮುಖ ನನಗಿಲ್ಲ ಎಂದಳು. ಅವಳ ಪಾಲಿಗೆ ಇಡೀ ಜನ್ಮದ ದುಡಿಮೆಯೇ ಅಪರಾಧವಾಗಿತ್ತು.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಡಿಗೆ ಬೀಗ ಜಡಿದು ನೇರ ಸಂಸ್ಥೆಗೆ ಹೋದೆ. ಮೇಡಂ ಕೋಣೆಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಅಂದೆ. ಬ್ರಷ್ಷು ಕೊಟ್ಟವರು ನೀವು, ಭೇಷ್ ಅಂದವರು ನೀವು, ಈಗ ತಪ್ಪು ಮಾತ್ರ ಅವಳದಾ ಎಂದು ಕೇಳಿದೆ. ಮೇಡಂ ಪೂರ್ತಿ ಕೇಳಿಸಿಕೊಂಡರು. ಜಗಳಕ್ಕೆ ಹೋದಾಗ ಎದುರಿನವರು ಸುಮ್ಮನೆ ಕೇಳಿಸಿಕೊಂಡರೆ ಎಷ್ಟು ಕಷ್ಟ ಎಂದು ನನಗೆ ಅವತ್ತು ಗೊತ್ತಾಯಿತು.

"ತಪ್ಪು ಅವರದಲ್ಲ, ನಮ್ಮದೇ" ಎಂದರು. "ಆಗ ಬಳಕೆಯ ಗುರುತು ಹುಡುಕಬೇಕು ಅಂತ ಇಲ್ಲಿ ಯಾರ ತಲೆಯಲ್ಲೂ ಇರಲಿಲ್ಲ. ಆದರೆ ಸುಳ್ಳು ಸಮಾಧಾನ ಹೇಳಲ್ಲ. ಆ ಪೆಟ್ಟಿಗೆಗಳು ಈಗಿರೋ ಹಾಗೆ ಉಪಯೋಗಕ್ಕೆ ಬರಲ್ಲ. ಉಳಿಸಿಕೊಳ್ಳೋಕೆ ಒಂದೇ ದಾರಿ ಇದೆ, ಅದಕ್ಕೆ ಅಮ್ಮನೇ ಬೇಕು."

ದಾರಿ ಇದು: ಹೊಸದಾಗಿ ಒಡೆದ ಚಕ್ಕೆಗಳನ್ನು ಚಿಕ್ಕಮ್ಮ ಹಿಂದಿನ ಹಾಗೆಯೇ, ಅದೇ ಬ್ರಷ್ಷಿನಲ್ಲಿ, ಅದೇ ಮರಳು ನೀರಿನಲ್ಲಿ ತೊಳೆದುಕೊಡಬೇಕು. ಆಗ ಅವಳ ಕೈಯ ಗೀರು ಹೇಗಿರುತ್ತದೆ, ಎಷ್ಟು ಆಳ, ಎಷ್ಟು ಓರೆ ಎಂದು ಖಚಿತವಾಗುತ್ತದೆ. ಹಳೇ ಕಲ್ಲುಗಳಲ್ಲಿ ಅದನ್ನು ಗುರುತಿಸಿ ಪಕ್ಕಕ್ಕಿಟ್ಟರೆ ಅಡಿಯಲ್ಲಿ ಅಂದಿನವರ ಗುರುತು ಉಳಿದಿದ್ದರೆ ಕಾಣುತ್ತದೆ. ಬೇರೆ ಯಾರು ತೊಳೆದರೂ ಪ್ರಯೋಜನವಿಲ್ಲ.

ಚಿಕ್ಕಮ್ಮ ಇದನ್ನು ಕೇಳಿ ಎದ್ದು ಕೂತಳು. ಮಾರನೆಯ ಬೆಳಿಗ್ಗೆ ತಲೆ ಬಾಚಿಕೊಂಡು ಹೊರಟೇಬಿಟ್ಟಳು. ನನಗೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಲ್ಲಿ ಬೇರೆಯೇ ಫಜೀತಿ. ಚಕ್ಕೆ ಕೈಗೆ ತೆಗೆದುಕೊಂಡರೆ ಬ್ರಷ್ಷು ತಾಗಿತೋ ಇಲ್ಲವೋ ಅನ್ನುವ ಹಾಗೆ ಸವರುತ್ತಾಳೆ. ಮೇಡಂ ಮೇಲೆ ಒಯ್ದು ನೋಡಿ ವಾಪಸ್ಸು ಬರುತ್ತಾರೆ: ಹೊಂದುತ್ತಿಲ್ಲ. ಗಟ್ಟಿಯಾಗಿ ಉಜ್ಜಿ ಎಂದರೆ ಬೇಕೆಂದೇ ತಿಕ್ಕುತ್ತಾಳೆ, ಗೀರು ಅಡ್ಡಾದಿಡ್ಡಿ ಬೀಳುತ್ತದೆ. ಅದೂ ಹೊಂದುವುದಿಲ್ಲ. ಹೀಗೇ ದಿನಗಳು ಹೋದವು.

"ಅಮ್ಮ, ನೀವು ತುಂಬಾ ಹುಷಾರಾಗಿ ಮಾಡ್ತಿದೀರಿ" ಎಂದರಂತೆ ಮೇಡಂ.

"ತಪ್ಪು ಅಂತ ಗೊತ್ತಾದ ಮೇಲೆ ಕೈ ಹೇಗೆ ಬರುತ್ತೆ ಮೇಡಂ?"

ಆ ರಾತ್ರಿ ಊಟಕ್ಕೆ ಕೂತಾಗ ಅವಳು ನನಗೆ ಹೇಳಿದಳು: "ಹಾಳು ಮಾಡೋಕೆ ಬಂದ ಕೈಗೆ ಸರಿ ಮಾಡೋಕೆ ಬರ್ತಿಲ್ಲ. ನಾನಿನ್ನು ಹೋಗಲ್ಲ." ಹೇಳುವಾಗ ಕಣ್ಣು ತುಂಬಿತ್ತು. ನನಗೂ ಅಳು ಬಂತು, ಸಿಟ್ಟೂ ಬಂತು. ಅವಳನ್ನು ಎಳೆದುಕೊಂಡು ಹೋಗುವುದು ನನ್ನ ಕೆಲಸ ಎಂದು ತೀರ್ಮಾನಿಸಿದೆ.

ಅಂಗಡಿಗೆ ರಜೆಯ ದಿನ ನೋಡಿ ಜೊತೆಗೆ ಹೋದೆ. ತೊಳೆಯುವ ಕೋಣೆಯ ಮೂಲೆಯಲ್ಲಿ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಕೂತೆ. ಚಿಕ್ಕಮ್ಮ ಚಕ್ಕೆ ಹಿಡಿದು ದೇವರ ದೀಪ ಒರೆಸುವವಳ ಹಾಗೆ ಸವರುತ್ತಿದ್ದಳು. ಎರಡು ಚಕ್ಕೆ ಹಾಗೇ ಮುಗಿದವು. ಆಮೇಲೆ ಶುರು ಮಾಡಿದೆ.

"ಚಿಕ್ಕಮ್ಮ, ಏನೇ ಹೇಳು, ಅಜ್ಜಿ ಹೊಲಿಗೆ ಮಿಷನ್ನು ಕೊಟ್ಟಿದ್ದು ನಮ್ಮಮ್ಮನಿಗೇ."

ಈ ಮಿಷನ್ನಿನ ಜಗಳ ನಾನು ಹುಟ್ಟುವ ಮೊದಲಿನದು. ಅದು ಈಗ ನನ್ನ ಅಂಗಡಿಯಲ್ಲಿದೆ. ತನಗೆ ಬರಬೇಕಾದದ್ದನ್ನು ಅಕ್ಕ ಹೊಡೆದುಕೊಂಡಳು ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ.

"ಸುಮ್ಮನಿರೇ. ಈಗ ಅದ್ಯಾಕೆ?"

"ಇದ್ದದ್ದು ಹೇಳಿದೆ. ನಿನಗೆ ಸೂಜಿಗೆ ದಾರ ಹಾಕೋಕೂ ಬರ್ತಿರಲಿಲ್ಲವಂತೆ. ಅಮ್ಮ ಹೇಳ್ತಿದ್ಲು."

"ನನಗೆ ಬರ್ತಿರಲಿಲ್ವಾ?" ಚಿಕ್ಕಮ್ಮ ಕಲ್ಲನ್ನು ಎಡಗೈಗೆ ಬದಲಾಯಿಸಿಕೊಂಡಳು. "ನಿಮ್ಮಮ್ಮನ ಮದುವೆ ರವಿಕೆ ಹೊಲಿದಿದ್ದು ಯಾರು? ಕೇಳು ಅವಳನ್ನ. ತೋಳು ಉಲ್ಟಾ ಇಟ್ಟುಕೊಂಡು ಅಳ್ತಾ ಕೂತಿದ್ಲು, ಬಿಚ್ಚಿ ಹೊಲಿದುಕೊಟ್ಟಿದ್ದು ನಾನು."

"ಅದಕ್ಕೇ ಎಡಗಡೆ ಬಿಗಿ ಇತ್ತಂತೆ."

ಇನ್ನು ಕೇಳಬೇಕೆ. ಕೈಯೂ ಬಾಯಿಯೂ ಒಟ್ಟಿಗೆ ಓಡತೊಡಗಿದವು. ಅಜ್ಜಿ ಯಾರ ಮುಂದೆ ಏನೆಂದಳು, ಅಕ್ಕ ಯಾವಾಗ ಆಟೋ ತಂದು ಮಿಷನ್ನು ಹೇರಿಕೊಂಡು ಹೋದಳು, ಮಾವ ಬಾಯಿ ಮುಚ್ಚಿಕೊಂಡು ಹೇಗೆ ನಿಂತಿದ್ದ, ಒಂದೂ ಬಿಡಲಿಲ್ಲ. ಬ್ರಷ್ಷು ಬುಡದಿಂದ ಅಂಚಿಗೆ, ಬುಡದಿಂದ ಅಂಚಿಗೆ ಓರೆಯಾಗಿ ಹೋಗುತ್ತಲೇ ಇತ್ತು. ತೊಳೆದದ್ದನ್ನು ಜಾಲರಿಗೆ ಹಾಕಿ, ನೋಡದೆಯೇ ಮುಂದಿನದಕ್ಕೆ ಕೈ ಚಾಚುತ್ತಿದ್ದಳು. ಮೇಡಂ ಬಾಗಿಲಲ್ಲಿ ಬಂದು ನಿಂತಿದ್ದನ್ನು ನಾನು ನೋಡಿದೆ, ಅವಳು ನೋಡಲಿಲ್ಲ. ಚಕ್ಕೆಗಳು ಮುಗಿದ ಮೇಲೂ ಜಗಳ ಮುಗಿದಿರಲಿಲ್ಲ.

ಸಂಜೆ ಮೇಡಂ ಕೆಳಗಿಳಿದು ಬಂದು, "ಹೊಂದಿತು ಅಮ್ಮ" ಎಂದರು. ಚಿಕ್ಕಮ್ಮ ನನ್ನನ್ನೇ ದುರುಗುಟ್ಟಿ ನೋಡಿದಳು.

"ಬೇಕು ಅಂತಲೇ ಕೆಣಕಿದ್ಯಾ?"

"ಮಿಷನ್ನು ಮಾತ್ರ ಅಮ್ಮನದೇ" ಎಂದೆ.

ಆಮೇಲೆ ಮೇಡಂ ತಿಂಗಳುಗಟ್ಟಲೆ ಹಳೇ ಪೆಟ್ಟಿಗೆಗಳನ್ನು ತೆಗೆದು ನೋಡಿದರು. ಒಂದು ದಿನ ನಮ್ಮಿಬ್ಬರನ್ನೂ ಕರೆಸಿದರು. ಚಿಕ್ಕಮ್ಮ ಅಲ್ಲಿಯವರೆಗೆ ಒಮ್ಮೆಯೂ ಸೂಕ್ಷ್ಮದರ್ಶಕದೊಳಗೆ ನೋಡಿರಲಿಲ್ಲ. ಕಣ್ಣು ಎಲ್ಲಿಡಬೇಕೆಂದು ಮೇಡಂ ತೋರಿಸಿದರು. ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ಬಗ್ಗಿ ನಿಂತಳು.

"ಓರೆಯಾಗಿ ಮೇಲಕ್ಕೆ ಹೋಗಿರೋವು ನಿಮ್ಮವು" ಎಂದರು ಮೇಡಂ. "ಅದರಡೀಲಿ ಅಂಚಿಗೆ ನೇರವಾಗಿ, ಸ್ವಲ್ಪ ಮಂಕಾಗಿ, ಅಗಲವಾಗಿ ಇದಾವಲ್ಲ, ಅವು ಅವರವು. ತೊಗಲು ಹೆರೆದಿದ್ದು."

ಚಿಕ್ಕಮ್ಮ ತಲೆ ಎತ್ತಲೇ ಇಲ್ಲ. "ಎಷ್ಟು ಹೆರೆದಿದಾರೆ ನೋಡೇ" ಎಂದಳು. "ಕೈ ನೋವು ಬಂದಿರುತ್ತೆ ಪಾಪ." ಆಮೇಲೆ ನನಗೂ ತೋರಿಸಿದಳು. ನನಗೆ ಗೀಚು ಬಿಟ್ಟು ಬೇರೇನೂ ಕಾಣಲಿಲ್ಲ, ಆದರೂ ಹೌದು ಹೌದು ಎಂದೆ. ಅರ್ಧದಷ್ಟು ಕಲ್ಲುಗಳಲ್ಲಿ ಹೀಗೆ ಉಳಿದಿದೆ, ಇನ್ನರ್ಧ ಹೋಗಿದೆ ಎಂದು ಮೇಡಂ ಹೇಳಿದರು. ಅರ್ಧವಾದರೂ ಉಳಿಯಿತಲ್ಲ ಎಂದು ಚಿಕ್ಕಮ್ಮನ ಮುಖ ಅರಳಿತು. ಅದೇ ಹುರುಪಿನಲ್ಲಿ ಕೇಳಿದಳು:

"ಜೇನು ಬಣ್ಣದ್ದು ಒಂದಿದೆಯಲ್ಲ ಮೇಡಂ, ಎಲೆ ಹಾಗೆ ತೆಳ್ಳಗೆ. ಬೆಳಕಿಗೆ ಹಿಡಿದರೆ ಆಚೆ ಕಡೆ ಬೆರಳು ಕಾಣುತ್ತೆ. ಅದರಲ್ಲಿ ಏನು ಮಾಡ್ತಿದ್ರು?"

ಮೇಡಂ ಕತ್ತಿನ ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು.

"ಅದರಲ್ಲಿ ನಿಮ್ಮದು ಬಿಟ್ಟು ಬೇರೇನೂ ಉಳಿದಿಲ್ಲ ಅಮ್ಮ."

ಚಿಕ್ಕಮ್ಮ ನಿಧಾನವಾಗಿ ಕುರ್ಚಿಯಲ್ಲಿ ಕೂತಳು.

"ಅದನ್ನ ಸುಮ್ಮಸುಮ್ಮನೆ ತೆಗೆದು ತೊಳೀತಿದ್ದೆ" ಎಂದಳು. "ಯಾರಾದ್ರೂ ನೋಡೋಕೆ ಬಂದರೆ ಅದನ್ನೇ ಮೊದಲು ತೋರಿಸ್ತಿದ್ದೆ. ಚೆನ್ನಾಗಿರೋದಕ್ಕೆಲ್ಲ ಒಂದು ಕೈ ಜಾಸ್ತಿನೇ ಹಾಕ್ತಿದ್ದೆ. ಅವೇ ಹೋಗಿರೋದು, ಅಲ್ವಾ?"

"ಹೌದಮ್ಮ" ಎಂದರು ಮೇಡಂ. ಸುಳ್ಳು ಹೇಳುವವರಲ್ಲ ಅವರು. ಆ ಕ್ಷಣ ಒಂದು ಸುಳ್ಳು ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು, ಹಿಂದೆಯೇ ಇಳಿದೂ ಹೋಯಿತು. ಚಿಕ್ಕಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಸ್ಸಿನಲ್ಲಿ ಮನೆಯವರೆಗೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ಆದರೂ ಅವಳು ಕೆಲಸ ಬಿಡಲಿಲ್ಲ. ಸ್ವಲ್ಪ ದಿನಗಳ ನಂತರ ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಹೋಗಿದ್ದಳೆಂದು ಕೊಡಲು ಹೋದೆ. ಹೊಸ ಅಗೆತದ ಚೀಲ ಬಂದಿತ್ತು. ಈಗ ಬ್ರಷ್ಷು ಇಲ್ಲ. ಶುದ್ಧ ನೀರಿನಲ್ಲಿ ಅದ್ದಿ, ಮಣ್ಣು ತಾನಾಗಿ ಬಿಡುವವರೆಗೆ ಕಾಯಬೇಕು. ಚಿಕ್ಕಮ್ಮ ಒಂದು ಕಲ್ಲನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಮಣ್ಣಿನ ನಡುವೆ ಹಸಿರು ಗೆರೆಯೊಂದು ಹೊಳೆಯಿತು. ಅದನ್ನು ನೀರಿಗೆ ಹಾಕದೆ, ಮಣ್ಣಿನ ಸಮೇತ ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಚೀಟಿ ಸೇರಿಸಿ ಬಾಯಿ ಮುಚ್ಚಿದಳು.

"ಅದನ್ನ ಯಾಕೆ ತೊಳೀಲಿಲ್ಲ?"

"ಪ್ರತಿ ಚೀಲದಲ್ಲೂ ಒಂದಿಷ್ಟನ್ನ ಮಣ್ಣಿನ ಜೊತೆ ಹಾಗೇ ಎತ್ತಿಡಬೇಕು ಅಂದಿದಾರೆ ಮೇಡಂ. ಮುಂದೆ ಬರೋರು ನೋಡ್ಕೊಳ್ಳಲಿ ಅಂತ. ಯಾವುದನ್ನ ಅನ್ನೋದು ನನಗೇ ಬಿಟ್ಟಿದಾರೆ."

"ಹೇಗೆ ಆರಿಸ್ತೀಯ?"

ಅವಳು ಕೈ ಒರೆಸಿಕೊಂಡು ನನ್ನಿಂದ ಡಬ್ಬಿ ತೆಗೆದುಕೊಂಡಳು.

"ತುಂಬಾ ಇಷ್ಟ ಆಗಿದ್ದನ್ನ ಮುಟ್ಟಲ್ಲ" ಎಂದಳು.